ನಾಯಿಯ ಬಾಣಂತನ: ಎಷ್ಟು ಹೊತ್ತು ಕಾಯಬೇಕು, ಯಾವಾಗ ಓಡಬೇಕು?

ನಾಯಿ ಸಾಕಿದ ಶ್ರೋತೃಗಳು ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ: ‘ನಮ್ಮ ನಾಯಿ ಬಸುರಿ. ಏನು ತಿನ್ನಿಸಬೇಕು, ಯಾವ ಟಾನಿಕ್ ಕೊಡಬೇಕು?’ ಕೇಳಬೇಕಾದದ್ದೇ. ಆದರೆ ನಾಯಿಯ ಜೀವ ಉಳಿಸುವ ಪ್ರಶ್ನೆ ಬೇರೆ ಇದೆ, ಅದು ಸಾಮಾನ್ಯವಾಗಿ ನಡುರಾತ್ರಿ ಎದುರಾಗುತ್ತದೆ. ಮೂರು ಮರಿ ಬಂದಾಗಿದೆ, ನಾಲ್ಕನೆಯದರ ಸುಳಿವಿಲ್ಲ, ತಾಯಿ ಸುಸ್ತಾಗಿ ಮಲಗಿದೆ. ಇನ್ನೂ ಕಾಯಬೇಕೋ, ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಓಡಬೇಕೋ? ಈ ಸಲದ ಬರಹ ಮುಖ್ಯವಾಗಿ ಆ ರಾತ್ರಿಗಾಗಿ.

ಊರಿನಲ್ಲಿ ಇದನ್ನೆಲ್ಲ ಯಾರು ನೋಡುತ್ತಿದ್ದರು ಎಂದು ಮನೆಯ ಹಿರಿಯರು ನಗಬಹುದು. ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲೋ ಹುಲ್ಲಿನ ಬಣವೆಯ ಸಂದಿಯಲ್ಲೋ ನಾಯಿ ತಾನೇ ಹೋಗಿ ಮರಿ ಹಾಕುತ್ತಿತ್ತು. ಕುಂಯ್‌ಗುಟ್ಟುವ ಸದ್ದು ಕೇಳಿದಾಗಲೇ ಮನೆಯವರಿಗೆ ಗೊತ್ತಾಗುತ್ತಿದ್ದದ್ದು. ನಿಜ. ಎಷ್ಟು ಮರಿ ಹುಟ್ಟಿದ್ದವು, ಎಷ್ಟು ಉಳಿದವು ಎಂದು ಮಾತ್ರ ಯಾರೂ ಲೆಕ್ಕ ಇಟ್ಟವರಲ್ಲ. ಅಲ್ಲದೆ ಆ ನಾಯಿಗಳು ದಿನವಿಡೀ ಗದ್ದೆ ತೋಟ ಸುತ್ತಿಕೊಂಡು ಸಣಕಲಾಗಿ, ಗಟ್ಟಿಯಾಗಿ ಇರುತ್ತಿದ್ದವು. ಡೊಂಬಿವಲಿಯ ಮೂರನೇ ಮಹಡಿಯ ಫ್ಲ್ಯಾಟಿನಿಂದ ದಿನಕ್ಕೆರಡು ಸಲ ಲಿಫ್ಟಿನಲ್ಲಿ ಕೆಳಗಿಳಿಯುವ ಲ್ಯಾಬ್ರಡಾರ್ ಕಥೆ ಬೇರೆ. 2003ರ ಹಚ್ ಮೊಬೈಲ್ ಜಾಹೀರಾತಿನ ನಂತರ ಮನೆಮನೆಗೆ ಬಂದ ಪಗ್‌ನ ಕಥೆಯಂತೂ ಇನ್ನೂ ಬೇರೆ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ತಳಿಗಳಲ್ಲಿ ಮರಿಯ ತಲೆ ದೊಡ್ಡದು, ತಾಯಿಯ ಸೊಂಟದ ದಾರಿ ಕಿರಿದು. ಬುಲ್‌ಡಾಗ್‌ಗಳಲ್ಲಿ ಸಿಸೇರಿಯನ್ನೇ ಹೆಚ್ಚು. ನಿಮ್ಮದು ಇಂಥ ತಳಿಯಾಗಿದ್ದರೆ ಮನೆಯಲ್ಲೇ ಹೆರಿಗೆ ಆಗಲಿ ಎಂಬ ಹಟ ಬೇಡ. ಮೊದಲ ತಿಂಗಳಲ್ಲೇ ಡಾಕ್ಟರ ಜೊತೆ ಕೂತು ಮಾತಾಡಿಕೊಳ್ಳಿ.

ದಿನಗಳ ಲೆಕ್ಕ

ನಾಯಿಯ ಗರ್ಭದ ಅವಧಿ ಸುಮಾರು 63 ದಿನ, ಅಂದರೆ ಒಂಬತ್ತು ವಾರ. ಆದರೆ ಕ್ರಾಸ್ ಆದ ದಿನದಿಂದ ಎಣಿಸಿದವರಿಗೆ ಈ ಲೆಕ್ಕ ಕೈಕೊಡುತ್ತದೆ. 58ನೇ ದಿನಕ್ಕೇ ಮರಿ ಹಾಕುವುದುಂಟು, 68ನೇ ದಿನಕ್ಕೆ ಹಾಕುವುದೂ ಉಂಟು. ಕಾರಣ ಇಷ್ಟೆ: ಗಂಡಿನ ವೀರ್ಯಾಣು ಹೆಣ್ಣಿನ ದೇಹದಲ್ಲಿ ಹೆಚ್ಚುಕಡಿಮೆ ಒಂದು ವಾರ ಬದುಕಿರಬಲ್ಲದು. ಬಿಡುಗಡೆಯಾದ ಅಂಡವೂ ಕೂಡಲೇ ತಯಾರಿರುವುದಿಲ್ಲ, ಮಾಗಲು ಎರಡು ಮೂರು ದಿನ ಬೇಕು. ಹಾಗಾಗಿ ಕ್ರಾಸ್ ಆದ ದಿನವೇ ಗರ್ಭ ನಿಂತಿತು ಎನ್ನುವಂತಿಲ್ಲ. ಎಷ್ಟು ಸಲ ಜೋಡಿಯಾಯಿತೋ ಅಷ್ಟೂ ತಾರೀಕುಗಳನ್ನು ಗೋಡೆಯ ಕಾಲನಿರ್ಣಯದಲ್ಲಿ ಗುರುತು ಹಾಕಿಡಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.

ಬಸುರಿ ಹೌದೋ ಅಲ್ಲವೋ ನೋಡಲು ಮೆಡಿಕಲ್ ಸ್ಟೋರಿನ ಪ್ರೆಗ್ನೆನ್ಸಿ ಕಿಟ್ ತಂದವರಿದ್ದಾರೆ. ಅದು ಮನುಷ್ಯರ ಗರ್ಭದಲ್ಲಿ ಮಾತ್ರ ಬರುವ ಹಾರ್ಮೋನನ್ನು ಹುಡುಕುತ್ತದೆ. ನಾಯಿಯಲ್ಲಿ ಆ ಹಾರ್ಮೋನೇ ಇಲ್ಲ, ದುಡ್ಡು ದಂಡ. ಸುಮಾರು 25 ದಿನ ಕಳೆದ ಮೇಲೆ ಅಲ್ಟ್ರಾಸೌಂಡ್‌ನಲ್ಲಿ ಮರಿಗಳ ಎದೆ ಮಿಡಿಯುವುದು ಕಾಣುತ್ತದೆ. ಆದರೆ ಎಷ್ಟು ಮರಿ ಎಂದು ಅದರಲ್ಲಿ ಖಚಿತವಾಗಿ ಎಣಿಸಲಾಗದು. ಎಣಿಸಲು ಎಕ್ಸ್‌ರೇ ಬೇಕು, ಅದೂ 55 ದಿನ ದಾಟಿದ ಮೇಲೆ. ಅಷ್ಟು ಹೊತ್ತಿಗೆ ಮರಿಗಳ ಮೂಳೆ ಗಟ್ಟಿಯಾಗಿ ಚಿತ್ರದಲ್ಲಿ ಚೆನ್ನಾಗಿ ಮೂಡುತ್ತದೆ.

ಈ ಎಕ್ಸ್‌ರೇಗೆ ಖರ್ಚು ಮಾಡಲು ಹಿಂದೆ ಮುಂದೆ ನೋಡಬೇಡಿ ಎಂಬುದು ನನ್ನ ಸಲಹೆ. ಒಟ್ಟು ಆರು ಮರಿ ಎಂದು ಗೊತ್ತಿದ್ದರೆ, ಐದು ಬಂದು ತಾಯಿ ಸುಮ್ಮನಾದಾಗ ಒಳಗೆ ಇನ್ನೊಂದಿದೆ ಎಂದು ನಿಮಗೆ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ಎಲ್ಲ ಮುಗಿಯಿತೆಂದು ಮಲಗಿಬಿಡುತ್ತೀರಿ.

ಇನ್ನೊಂದು ಮಾತು. ಬೆದೆ ಮುಗಿದ ಒಂದೆರಡು ತಿಂಗಳಿಗೆ ಹೊಟ್ಟೆ ಬಂದು, ಮೊಲೆಯಲ್ಲಿ ಹಾಲು ಇಳಿದು, ಹಾಸಿಗೆ ಕೆರೆದು ಗೂಡು ಮಾಡಿ, ಮಕ್ಕಳ ಆಟದ ಬೊಂಬೆಯನ್ನೇ ಮರಿಯಂತೆ ಕಾಯುವ ನಾಯಿಗಳಿವೆ. ಒಳಗೆ ಮರಿಯೇ ಇರುವುದಿಲ್ಲ. ಗರ್ಭ ನಿಲ್ಲಲಿ ಬಿಡಲಿ, ಬೆದೆಯ ನಂತರ ಹೆಣ್ಣು ನಾಯಿಯ ಹಾರ್ಮೋನುಗಳು ಹೆಚ್ಚುಕಡಿಮೆ ಒಂದೇ ಥರ ಏರಿ ಇಳಿಯುವುದರಿಂದ ಹೀಗಾಗುತ್ತದೆ. ಇದು ಹುಚ್ಚೂ ಅಲ್ಲ, ಯಾರ ದೃಷ್ಟಿಯೂ ಅಲ್ಲ. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ತಾನೇ ಇಳಿಯುತ್ತದೆ. ಹಾಲು ಹಿಂಡಲು ಹೋಗಬೇಡಿ, ಹಿಂಡಿದಷ್ಟೂ ಬರುತ್ತದೆ.

ಊಟ, ಮತ್ತೆ ಆ ಕ್ಯಾಲ್ಸಿಯಂ ಬಾಟಲಿ

ಬಸುರಿ ಎಂದ ಕೂಡಲೇ ನಮ್ಮವರ ಕೈ ಎರಡಾಗುತ್ತದೆ. ಮೊದಲ ಐದು ವಾರ ನಾಯಿಗೆ ಹೆಚ್ಚಿನ ಊಟ ಬೇಕಿಲ್ಲ. ಮರಿಗಳು ನಿಜವಾಗಿ ಬೆಳೆಯುವುದು ಕೊನೆಯ ಮೂರು ವಾರಗಳಲ್ಲಿ. ಆಗ ನಿಧಾನಕ್ಕೆ ಏರಿಸುತ್ತ ಹೆರಿಗೆಯ ಹೊತ್ತಿಗೆ ಮಾಮೂಲಿಗಿಂತ ಕಾಲು ಭಾಗದಿಂದ ಅರ್ಧದಷ್ಟು ಜಾಸ್ತಿ ಕೊಟ್ಟರೆ ಸಾಕು. ಹೊಟ್ಟೆ ತುಂಬ ಮರಿಗಳಿರುವುದರಿಂದ ಒಂದೇ ಸಲ ತಿನ್ನಲು ಆಗದು, ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಹಾಕಿ. ಮೊದಲಿಂದಲೇ ತಿನ್ನಿಸಿ ದಪ್ಪ ಮಾಡಿದರೆ ಹೆರಿಗೆಯೇ ಕಷ್ಟವಾಗುತ್ತದೆ.

ಸಸ್ಯಾಹಾರಿ ಮನೆಗಳಿಗೆ ಒಂದು ಮಾತು ನೇರವಾಗಿ ಹೇಳುತ್ತೇನೆ. ಮೊಸರನ್ನದ ಮೇಲೆ ಗರ್ಭಿಣಿ ನಾಯಿಯನ್ನು ಸಾಕಲಾಗದು. ಅದಕ್ಕೆ ಪ್ರೋಟೀನ್ ಬೇಕು, ಕೊಬ್ಬು ಬೇಕು. ಬೇಯಿಸಿದ ಮೊಟ್ಟೆ, ಕೋಳಿ ಮನೆಯೊಳಗೆ ಬರುವುದಿಲ್ಲ ಎಂದಾದರೆ ಆರನೇ ವಾರದಿಂದ ಒಳ್ಳೆಯ ಕಂಪನಿಯ ಪಪ್ಪಿ ಫುಡ್ ತಂದು ಹಾಕಿ. ಬೆಳೆಯುವ ಮರಿಗೆಂದು ಮಾಡಿದ ಆ ಆಹಾರ ಬಸುರಿಗೂ ಬಾಣಂತಿಗೂ ಸರಿಹೊಂದುತ್ತದೆ. ಹಸಿ ಮಾಂಸ ಬೇಡ.

ಮನುಷ್ಯರ ಬಾಣಂತನದ ಪಥ್ಯವನ್ನೂ ಇಲ್ಲಿ ತರಬೇಡಿ. ಅಂಟಿನುಂಡೆಯಲ್ಲಿ ಒಣದ್ರಾಕ್ಷಿ ಇರುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸಬಲ್ಲದು. ಬಾಣಂತಿ ಖಾರದ ಬೆಳ್ಳುಳ್ಳಿ, ಸಾರಿನ ಈರುಳ್ಳಿ ಎರಡೂ ನಾಯಿಯ ರಕ್ತಕಣಗಳಿಗೆ ವಿಷ. ಅಜ್ಜಿಯ ಪ್ರೀತಿ ದೊಡ್ಡದೇ, ಆದರೆ ಆ ಡಬ್ಬಿ ಸೊಸೆಗೇ ಇರಲಿ.

ಇನ್ನು ಕ್ಯಾಲ್ಸಿಯಂ. ಬಸುರಿ ನಾಯಿ ಎಂದರೆ ಕ್ಯಾಲ್ಸಿಯಂ ಸಿರಪ್ ಎಂದು ಎಷ್ಟೋ ಜನ ನಂಬಿದ್ದಾರೆ. ನೋಡಲು ತರ್ಕ ಸರಿಯಾಗಿಯೇ ಇದೆ: ಹಾಲಿಗೆ ಸುಣ್ಣದಂಶ ಬೇಕು, ಮೊದಲೇ ಕೊಟ್ಟು ತುಂಬಿಸಿಡೋಣ. ದೇಹ ಆ ರೀತಿ ಕೆಲಸ ಮಾಡುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದಾಗ ಕುತ್ತಿಗೆಯ ಪುಟ್ಟ ಗ್ರಂಥಿಗಳು ಒಂದು ಹಾರ್ಮೋನು ಬಿಟ್ಟು ಮೂಳೆಯಿಂದ ಅದನ್ನು ಎಳೆದು ತರುತ್ತವೆ. ಎರಡು ತಿಂಗಳು ಬಾಟಲಿಯಿಂದಲೇ ಧಾರಾಳವಾಗಿ ಸಿಗುತ್ತಿದ್ದರೆ ಆ ಗ್ರಂಥಿಗಳು ಕೆಲಸವಿಲ್ಲದೆ ಮಂಕಾಗುತ್ತವೆ. ಹೆರಿಗೆಯಾಗಿ ಹಾಲು ಒಮ್ಮೆಲೇ ಹರಿಯಲು ಶುರುವಾದಾಗ ಕ್ಯಾಲ್ಸಿಯಂ ಕುಸಿಯುತ್ತದೆ, ಗ್ರಂಥಿಗಳು ಎದ್ದು ಓಡುವಷ್ಟರಲ್ಲಿ ನಾಯಿಗೆ ಸೆಳೆತ ಬಂದಿರುತ್ತದೆ. ಅಂದರೆ ಯಾವ ರೋಗ ಬಾರದಿರಲೆಂದು ಕೊಟ್ಟಿರೋ ಅದೇ ರೋಗಕ್ಕೆ ದಾರಿ. ಡಾಕ್ಟರು ಪರೀಕ್ಷಿಸಿ ಬರೆದುಕೊಡದ ಹೊರತು ಗರ್ಭದ ಅವಧಿಯಲ್ಲಿ ಕ್ಯಾಲ್ಸಿಯಂ ಬೇಡ.

ಔಷಧಿಗಳಿಗೂ ಇದೇ ಮಾತು. ನಮ್ಮ ಜ್ವರದ, ಮೈಕೈ ನೋವಿನ ಮಾತ್ರೆಗಳನ್ನು ಮುರಿದು ಹಾಕಬೇಡಿ. ಉಣ್ಣೆ, ಚಿಗಟದ ಔಷಧಿಯೂ ಕೇಳದೆ ಬೇಡ. ಲಸಿಕೆಗಳು ಕ್ರಾಸ್‌ಗೆ ಮೊದಲೇ ಮುಗಿದಿರಬೇಕು. ಜಂತುಹುಳುವಿನ ವಿಷಯ ಮಾತ್ರ ಕೇಳಿ ಮಾಡಿಸಿಕೊಳ್ಳಿ. ತಾಯಿಯ ಮೈಯಲ್ಲಿ ಸುಮ್ಮನೆ ಮಲಗಿರುವ ದುಂಡುಹುಳುಗಳು ಗರ್ಭದಲ್ಲೇ ಮರಿಗಳಿಗೆ ದಾಟುತ್ತವೆ. ಕೊನೆಯ ವಾರಗಳಲ್ಲಿ ಕೊಡಬಹುದಾದ ಸುರಕ್ಷಿತ ಔಷಧಿ ಇದೆ.

ಓಡಾಟ ನಿಲ್ಲಿಸಬೇಡಿ, ನಿಧಾನ ಮಾಡಿ. ಕೊನೆಯ ಮೂರು ವಾರ ಮತ್ತು ಹೆರಿಗೆಯ ನಂತರದ ಮೂರು ವಾರ ಸೊಸೈಟಿಯ ಬೇರೆ ನಾಯಿಗಳ ಸಂಗ ಬೇಡ. ದೊಡ್ಡ ನಾಯಿಗೆ ಬರೀ ನೆಗಡಿಯಂತೆ ಬಂದುಹೋಗುವ ಹರ್ಪಿಸ್ ವೈರಸ್ ಈ ಆರು ವಾರಗಳಲ್ಲಿ ಮರಿಗಳನ್ನು ಕೊಲ್ಲಬಲ್ಲದು.

ಜಾಗ

ಮುಂಬಯಿಯ ಮನೆಯಲ್ಲಿ ಜಾಗ ಎಲ್ಲಿಂದ ತರೋಣ ಎನ್ನುತ್ತೀರಿ. ಮಂಚದ ಪಕ್ಕದ ಮೂಲೆ ಸಾಕು, ಜನ ಓಡಾಡಬಾರದು, ಟಿವಿ ಸದ್ದು ಬಡಿಯಬಾರದು, ಅಷ್ಟೆ. ಹೆರಿಗೆಗೆ ಒಂದೆರಡು ವಾರ ಇರುವಾಗಲೇ ಅಲ್ಲಿ ಮಲಗಿ ರೂಢಿಯಾಗಲಿ. ತಾಯಿ ಕಾಲು ಚಾಚಿ ಮಲಗುವಷ್ಟು ದೊಡ್ಡ ರಟ್ಟಿನ ಪೆಟ್ಟಿಗೆಯೋ ಮರದ ಚೌಕಟ್ಟೋ ಮಾಡಿ, ಒಂದು ಕಡೆ ಮಾತ್ರ ತಗ್ಗಿಸಿ. ಒಳಗೆ ಗೋಡೆಯ ಸುತ್ತ ನೆಲದಿಂದ ನಾಲ್ಕು ಇಂಚು ಮೇಲೆ ಒಂದು ಅಡ್ಡಪಟ್ಟಿ ಹೊಡೆಸಿದರೆ ಉತ್ತಮ. ತಾಯಿ ಗೋಡೆಗೆ ಒರಗಿದಾಗ ಹಿಂದೆ ಸಿಕ್ಕ ಮರಿ ಅಪ್ಪಚ್ಚಿಯಾಗದೆ ಆ ಸಂದಿಯಲ್ಲಿ ಉಳಿಯುತ್ತದೆ. ಕೆಳಗೆ ಹಳೇ ಪೇಪರು, ಮೇಲೆ ಹಳೇ ಹತ್ತಿ ಸೀರೆ ಅಥವಾ ಪಂಚೆ. ಬರೀ ಪೇಪರಿನ ಮೇಲೆ ಮರಿಗಳ ಕಾಲು ಜಾರುತ್ತದೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು ದುಬಾರಿಯವೇನಲ್ಲ: ಒಗೆದ ಟವೆಲ್ಲುಗಳು, ಡಿಜಿಟಲ್ ಥರ್ಮಾಮೀಟರ್, ಕುದಿಸಿದ ಕತ್ತರಿ, ದಪ್ಪ ದಾರ, ಬೆಟಾಡಿನ್, ಅಡುಗೆಮನೆಯ ತಕ್ಕಡಿ, ಒಂದು ಪೆನ್ನು, ಒಂದು ನೋಟ್‌ಬುಕ್. ಇವುಗಳ ಜೊತೆಗೆ ಒಂದು ಫೋನ್ ನಂಬರ್. ಪರೇಲಿನ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆ ಹತ್ತೊಂಬತ್ತನೇ ಶತಮಾನದಿಂದಲೂ ಇದೆ. ಈಗ ಉಪನಗರಗಳಲ್ಲೂ ಕ್ಲಿನಿಕ್ಕುಗಳಿವೆ. ಆದರೆ ನಿಮ್ಮ ಮನೆಗೆ ಹತ್ತಿರದ ಯಾವುದು ರಾತ್ರಿ ತೆರೆದಿರುತ್ತದೆ, ಅಲ್ಲಿ ರಾತ್ರಿ ಸಿಸೇರಿಯನ್ ಮಾಡುತ್ತಾರಾ ಎಂದು ಹಗಲಲ್ಲೇ ಫೋನ್ ಮಾಡಿ ಕೇಳಿ. ನಾಯಿಯನ್ನು ಹತ್ತಿಸಿಕೊಳ್ಳುವ ರಿಕ್ಷಾದವನನ್ನೋ, ಕಾರಿರುವ ನೆರೆಯವರನ್ನೋ ಮೊದಲೇ ಮಾತಾಡಿಡಿ. ರಾತ್ರಿ ಎರಡಕ್ಕೆ ಹುಡುಕಿದರೆ ಸಿಗುವುದು ಕಷ್ಟ.

ಆ ರಾತ್ರಿ

57ನೇ ದಿನದಿಂದ ಬೆಳಿಗ್ಗೆ ಸಂಜೆ ಎರಡು ಹೊತ್ತು ಜ್ವರ ನೋಡಿ ಬರೆದಿಡಿ. ಥರ್ಮಾಮೀಟರಿನ ತುದಿಗೆ ವ್ಯಾಸಲೀನ್ ಹಚ್ಚಿ ಬಾಲದ ಕೆಳಗೆ ಮೆಲ್ಲನೆ ಒಂದಿಂಚು ಒಳಗೆ ಇಡಬೇಕು. ನಾಯಿಯ ಮಾಮೂಲು ಶಾಖ ನಮಗಿಂತ ಜಾಸ್ತಿ, 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. ಗರ್ಭವನ್ನು ಕಾಯುತ್ತಿದ್ದ ಹಾರ್ಮೋನು ಹೆರಿಗೆ ಹತ್ತಿರವಾದಾಗ ಇಳಿಯುತ್ತದೆ, ಅದರ ಹಿಂದೆಯೇ ಶಾಖವೂ 99ರ ಹತ್ತಿರಕ್ಕೆ ಅಥವಾ ಇನ್ನೂ ಕೆಳಗೆ ಇಳಿಯುತ್ತದೆ. ಹಾಗಾದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಹೆರಿಗೆ ಶುರು. ಈ ಇಳಿತ ಕೆಲವೇ ಗಂಟೆ ಇದ್ದು ಮತ್ತೆ ಏರುವುದರಿಂದ ಕಣ್ಣುತಪ್ಪಿ ಹೋಗುವುದೂ ಉಂಟು.

ಮೊದಲ ಹಂತದಲ್ಲಿ ನೋಡಲು ಏನೂ ಇರುವುದಿಲ್ಲ, ಆದರೆ ಮನೆಯವರೆಲ್ಲ ಹೆದರುವುದು ಆಗಲೇ. ನಾಯಿ ಊಟ ಬಿಡುತ್ತದೆ, ತೇಕುತ್ತದೆ, ನಡುಗುತ್ತದೆ, ವಾಂತಿ ಮಾಡಬಹುದು, ಸೀರೆಯನ್ನೆಲ್ಲ ಕೆರೆದು ಚಿಂದಿ ಮಾಡುತ್ತದೆ. ಒಳಗೆ ಗರ್ಭಕೋಶದ ಬಾಯಿ ಬಿಡಿಸಿಕೊಳ್ಳುತ್ತಿರುತ್ತದೆ. ಇದು 6ರಿಂದ 12 ಗಂಟೆ, ಚೊಚ್ಚಲಾದರೆ 24 ಗಂಟೆಯವರೆಗೂ ನಡೆಯಬಹುದು. ಈ ಹೊತ್ತಿನಲ್ಲಿ ನೀವು ಮಾಡಬೇಕಾದದ್ದು ಏನೂ ಇಲ್ಲ. ಅಕ್ಕಪಕ್ಕದ ಮಕ್ಕಳನ್ನು ಮನೆಗೆ ಕಳಿಸಿ, ಬೆಳಕು ತಗ್ಗಿಸಿ, ಒಬ್ಬರು ಮಾತ್ರ ದೂರದಲ್ಲಿ ಕೂತಿರಿ. ಜನ ಸೇರಿ ಗಲಾಟೆಯಾದರೆ ಹೆದರಿದ ನಾಯಿಯ ಹೆರಿಗೆ ನಿಂತೇ ಹೋಗಬಹುದು.

ಆಮೇಲೆ ಹೊಟ್ಟೆ ಬಿಗಿದು ಮುಕ್ಕುವುದು ಕಾಣುತ್ತದೆ. ಈಗ ನೋಟ್‌ಬುಕ್ ತೆಗೆದು ಗಡಿಯಾರ ನೋಡಿ ಬರೆಯಲು ಶುರುಮಾಡಿ. ಸೆಕೆಂಡಿನ ಮುಳ್ಳು ನೋಡಿಕೊಂಡೇ ಕೆಲಸ ಮಾಡುವ ನಮ್ಮಂಥ ಉದ್ಘೋಷಕರಿಗೆ ಗೊತ್ತು, ಆತಂಕದಲ್ಲಿರುವವರ ಅಂದಾಜಿಗೆ ಐದು ನಿಮಿಷವೂ ಅರ್ಧ ಗಂಟೆಯಂತೆ ಕಾಣುತ್ತದೆ, ತೂಕಡಿಸಿದವರಿಗೆ ಎರಡು ಗಂಟೆಯೂ ಹತ್ತು ನಿಮಿಷದಂತೆ. ಮುಕ್ಕಲು ಶುರುವಾದದ್ದು, ಪ್ರತಿ ಮರಿ ಬಂದದ್ದು, ಪ್ರತಿ ಮಾಸು ಬಿದ್ದದ್ದು, ಎಲ್ಲಕ್ಕೂ ಸಮಯ ಹಾಕಿ.

ಮರಿ ಒಂದು ಪೊರೆಯ ಚೀಲದೊಳಗೆ ಬರುತ್ತದೆ. ತಲೆ ಮೊದಲು ಬರಬಹುದು, ಹಿಂಗಾಲು ಮೊದಲೂ ಬರಬಹುದು. ನಾಯಿಯಲ್ಲಿ ಎರಡೂ ಸಹಜ, ಕಾಲು ಕಂಡಿತೆಂದು ಗಾಬರಿ ಬೇಡ. ತಾಯಿ ಪೊರೆ ಹರಿದು, ನೆಕ್ಕಿ, ಹೊಕ್ಕುಳ ಬಳ್ಳಿ ಕಡಿಯುತ್ತದೆ. ಮಾಸನ್ನು ತಿನ್ನುವುದೂ ಸಹಜ. ಒಂದು ಮರಿಗೂ ಇನ್ನೊಂದಕ್ಕೂ ನಡುವೆ ಅರ್ಧ ಗಂಟೆ, ಒಂದು ಗಂಟೆ ಹಿಡಿಯುವುದು ಮಾಮೂಲು. ಆ ಬಿಡುವಿನಲ್ಲಿ ತಾಯಿ ಆರಾಮಾಗಿ ಮಲಗಿ ಮರಿಗಳಿಗೆ ಹಾಲು ಕುಡಿಸುತ್ತಿದ್ದರೆ ಚಿಂತೆ ಇಲ್ಲ.

ಒಂದೆರಡು ನಿಮಿಷದಲ್ಲಿ ತಾಯಿ ಪೊರೆ ಹರಿಯದಿದ್ದರೆ ಮಾತ್ರ ನೀವು ಕೈಹಾಕಿ. ಮೂಗಿನ ಹತ್ತಿರ ಪೊರೆ ಹರಿದು, ಬಾಯಿ ಮೂಗು ಒರೆಸಿ, ಟವೆಲ್ಲಿನಲ್ಲಿ ಮೈ ಜೋರಾಗಿಯೇ ಉಜ್ಜಿ. ಕೂಗಿತು ಎಂದರೆ ಉಸಿರು ಬಂತು. ಮರಿಯನ್ನು ತಲೆಕೆಳಗು ಹಿಡಿದು ಬೀಸುವ ಹಳೇ ಪದ್ಧತಿ ಬೇಡ, ಮಿದುಳಿಗೆ ಏಟಾಗುತ್ತದೆ. ಬಳ್ಳಿಯನ್ನು ಹೊಟ್ಟೆಯಿಂದ ಒಂದಿಂಚು ಬಿಟ್ಟು ದಾರ ಕಟ್ಟಿ, ಅದರಾಚೆ ಕತ್ತರಿಸಿ, ತುದಿಗೆ ಬೆಟಾಡಿನ್ ಹಚ್ಚಿ.

ಇನ್ನು ಓಡಬೇಕಾದ ಗಳಿಗೆಗಳು. ಇವನ್ನು ಫ್ರಿಜ್ಜಿನ ಮೇಲೆ ಅಂಟಿಸಿಕೊಂಡರೂ ಸರಿಯೇ. ಜೋರಾಗಿ, ಬಿಡದೆ ಮುಕ್ಕುತ್ತ ಅರ್ಧ ಗಂಟೆಯಾದರೂ ಮರಿ ಬರಲಿಲ್ಲ ಎಂದರೆ ಹೊರಡಿ. ಒಳಗೆ ಇನ್ನೂ ಮರಿ ಇದೆ ಎಂದು ಗೊತ್ತಿದ್ದು, ಹಿಂದಿನ ಮರಿ ಬಂದು ಎರಡು ಗಂಟೆ ದಾಟಿತು ಎಂದರೆ ಡಾಕ್ಟರಿಗೆ ಫೋನ್ ಮಾಡಿ, ಬರಹೇಳಿದರೆ ಹೊರಡಿ. ಮೊದಲ ಮರಿ ಬರುವ ಮುನ್ನವೇ ಹಸಿರು-ಕಪ್ಪು ದ್ರವ ಕಂಡರೆ ಕಾಯಲೇಬೇಡಿ. ಆ ಹಸಿರು ಬಣ್ಣ ಇರುವುದು ಮಾಸಿನ ಅಂಚಿನಲ್ಲಿ. ಅದು ಹೊರಬಂತು ಎಂದರೆ ಯಾವುದೋ ಮರಿಯ ಮಾಸು ಗರ್ಭಕೋಶದಿಂದ ಬಿಟ್ಟುಕೊಂಡಿದೆ, ಆ ಮರಿಗೆ ಆಮ್ಲಜನಕ ನಿಂತಿದೆ ಎಂದರ್ಥ. ಒಂದು ಮರಿ ಹುಟ್ಟಿದ ನಂತರ ಅದೇ ಹಸಿರು ಕಂಡರೆ ಅದು ಮಾಮೂಲು. ಶಾಖ ಇಳಿದು 24 ಗಂಟೆಯಾದರೂ ಹೆರಿಗೆ ಶುರುವಾಗದಿದ್ದರೆ, ಮರಿ ಅರ್ಧಕ್ಕೆ ಸಿಕ್ಕಿಕೊಂಡಿದ್ದರೆ, ರಕ್ತ ಧಾರೆಯಾಗಿ ಹೋಗುತ್ತಿದ್ದರೆ, ತಾಯಿ ಕುಸಿದುಬಿದ್ದರೆ, ಇವಕ್ಕೂ ಮೀನಮೇಷ ಎಣಿಸಬೇಡಿ. ಕ್ರಾಸ್ ಆದ ಕೊನೆಯ ತಾರೀಕಿನಿಂದ 68 ದಿನ ಕಳೆದರೂ ಏನೂ ಆಗಿಲ್ಲವೆಂದರೆ ಅವತ್ತೇ ತೋರಿಸಿ. ಹೊರಡುವಾಗ ಹುಟ್ಟಿದ ಮರಿಗಳನ್ನೂ ಬೆಚ್ಚಗಿನ ಬುಟ್ಟಿಯಲ್ಲಿಟ್ಟು ಜೊತೆಗೇ ಒಯ್ಯಿರಿ, ಆ ನೋಟ್‌ಬುಕ್ಕನ್ನೂ.

‘ಒಂದು ನೋವಿನ ಇಂಜೆಕ್ಷನ್ ಕೊಡಿಸಿದರೆ ಬಂದುಬಿಡುತ್ತದೆ’ ಎನ್ನುವವರು ಪ್ರತಿ ಗಲ್ಲಿಯಲ್ಲೂ ಸಿಗುತ್ತಾರೆ. ಆಕ್ಸಿಟೋಸಿನ್ ಗರ್ಭಕೋಶವನ್ನು ಹಿಂಡುತ್ತದೆ, ದಾರಿ ತೆರೆಯುವುದಿಲ್ಲ. ಅಡ್ಡ ಸಿಕ್ಕ ಮರಿಯ ಹಿಂದಿನಿಂದ ಹಿಂಡಿದರೆ ಗರ್ಭಕೋಶವೇ ಹರಿಯಬಹುದು. ಪರೀಕ್ಷೆ ಮಾಡದೆ ಆ ಸೂಜಿ ಚುಚ್ಚಲು ಯಾರಿಗೂ ಬಿಡಬೇಡಿ, ಅವರು ಎಷ್ಟೇ ಅನುಭವಸ್ಥರಿರಲಿ.

ಮರಿ ಬಂದ ಮೇಲೆ

ಮೊದಲ ದಿನದ ಗಿಣ್ಣುಹಾಲು ಪ್ರತಿ ಮರಿಯ ಹೊಟ್ಟೆಗೆ ಹೋಗಲೇಬೇಕು. ತಾಯಿಯ ರೋಗನಿರೋಧಕ ಶಕ್ತಿ ಮರಿಗೆ ದಾಟುವುದು ಮುಖ್ಯವಾಗಿ ಅದರಿಂದಲೇ, ಮತ್ತು ಒಂದು ದಿನ ಕಳೆದರೆ ಮರಿಯ ಕರುಳು ಅದನ್ನು ಹೀರಿಕೊಳ್ಳುವುದನ್ನು ನಿಲ್ಲಿಸುತ್ತದೆ. ಮೊದಲ ವಾರ ಮರಿಗಳಿಗೆ ತಮ್ಮ ಮೈ ತಾವೇ ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ, ನಡುಗಲೂ ಬರುವುದಿಲ್ಲ. ಪೆಟ್ಟಿಗೆಯ ಒಳಗೆ 30 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಲಿ. ಮುಂಬಯಿ, ಚೆನ್ನೈಗಳ ಬೇಸಿಗೆಯಲ್ಲಿ ಇದಕ್ಕೇನೂ ಮಾಡಬೇಕಿಲ್ಲ, ಫ್ಯಾನು, ಎಸಿ ನೇರ ಬಡಿಯದಿದ್ದರೆ ಸಾಕು. ದಿಲ್ಲಿಯ ಜನವರಿಯಲ್ಲಿ ಮಾತ್ರ ಬಟ್ಟೆ ಸುತ್ತಿದ ಬಿಸಿನೀರಿನ ಚೀಲ ಬೇಕೇ ಬೇಕು, ಅದೂ ಒಂದು ಮೂಲೆಗೆ ಮಾತ್ರ, ಸೆಕೆಯಾದ ಮರಿ ತೆವಳಿ ದೂರ ಹೋಗುವಂತೆ.

ಮುಟ್ಟಿದರೆ ತಣ್ಣಗಿರುವ ಮರಿಗೆ ಹಾಲು ಹಾಕಬೇಡಿ. ತಣ್ಣಗಾದ ಮರಿಯ ಕರುಳು ನಿಂತಿರುತ್ತದೆ, ಹಾಲು ಹೊಟ್ಟೆಯಲ್ಲೇ ಹುಳಿಯುತ್ತದೆ. ಮೊದಲು ಮೈಗೆ ಹಚ್ಚಿಕೊಂಡು ನಿಧಾನಕ್ಕೆ ಬೆಚ್ಚಗಾಗಿಸಿ, ಆಮೇಲೆ ಹಾಲು. ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಎಂಟು ಹತ್ತು ದಿನಕ್ಕೆ ಹುಟ್ಟಿದ ತೂಕ ಎರಡು ಪಾಲಾಗಬೇಕು. ಎರಡನೇ ದಿನದ ನಂತರವೂ ತೂಕ ಏರದ ಮರಿ ಅಳದೆ ಸುಮ್ಮನಿದ್ದರೂ ಅಪಾಯದಲ್ಲಿದೆ. ತಾಯಿಗೆ ಹಾಲು ಸಾಲದಿದ್ದರೆ ಪಾಕೀಟಿನ ಹಸುವಿನ ಹಾಲು ಅದಕ್ಕೆ ಬದಲಾಗದು. ನಾಯಿಯ ಹಾಲಿನಲ್ಲಿ ಕೊಬ್ಬು, ಪ್ರೋಟೀನು ಎರಡೂ ಸುಮಾರು ಎರಡು ಪಾಲು ಹೆಚ್ಚು. ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿ ಸಿಗುತ್ತದೆ, ಅದನ್ನು ಮರಿ ಬೋರಲಾಗಿರುವಾಗ ಕುಡಿಸಿ, ಅಂಗಾತ ಮಲಗಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ.

ತಾಯಿಯ ಹಸಿವು ಈಗ ನಿಜವಾಗಿ ಏರುತ್ತದೆ. ಮೂರನೇ ವಾರದ ಹೊತ್ತಿಗೆ ಮಾಮೂಲಿಗಿಂತ ಎರಡು ಮೂರು ಪಾಲು ತಿಂದರೂ ಆಶ್ಚರ್ಯವಿಲ್ಲ, ಹಾಕಿ. ಕೆಲವು ವಾರ ಕೆಂಪು ಕಂದು ಸ್ರಾವ ಇರುವುದು ಸಹಜ, ಕೆಟ್ಟ ವಾಸನೆ ಬಂದರೆ ಸಹಜವಲ್ಲ. ಮೊಲೆಗಳನ್ನು ದಿನಾ ಮುಟ್ಟಿ ನೋಡಿ, ಗಟ್ಟಿ ಬಿಸಿ ಗಂಟು ಸಿಕ್ಕರೆ ತೋರಿಸಿ.

ಎಲ್ಲಕ್ಕಿಂತ ಹೆಚ್ಚಾಗಿ, ಹೆರಿಗೆ ಸುಸೂತ್ರವಾಗಿ ಆಯಿತೆಂದು ನಿಟ್ಟುಸಿರು ಬಿಟ್ಟ ಮನೆಗಳಲ್ಲೇ ಎರಡು ಮೂರನೇ ವಾರದಲ್ಲಿ ಒಂದು ಅಪಾಯ ಕಾದಿರುತ್ತದೆ. ಮೇಲೆ ಹೇಳಿದ ಕ್ಯಾಲ್ಸಿಯಂ ಕುಸಿತ. ಪೊಮೆರೇನಿಯನ್‌ನಂಥ ಸಣ್ಣ ನಾಯಿ, ನಾಲ್ಕೈದು ಮರಿ, ಹಾಲು ಭರ್ಜರಿ, ಇಂಥಲ್ಲಿ ಹೆಚ್ಚು. ತಾಯಿ ಕಾರಣವಿಲ್ಲದೆ ತೇಕುತ್ತದೆ, ಚಡಪಡಿಸುತ್ತದೆ, ಮರಿಗಳ ಹತ್ತಿರ ಮಲಗುವುದಿಲ್ಲ, ಕಾಲು ಸೆಟೆದುಕೊಂಡು ಮರಗಾಲಿನಲ್ಲಿ ನಡೆದಂತೆ ನಡೆಯುತ್ತದೆ. ಸೆಕೆಗೆ ಹೀಗಾಗಿರಬೇಕು ಎಂದುಕೊಂಡರೆ ಕೆಲವೇ ಗಂಟೆಗಳಲ್ಲಿ ಮೈ ಅದುರಿ, ಜ್ವರ ಏರಿ, ಫಿಟ್ಸ್ ಬಂದು ಪ್ರಾಣವೇ ಹೋಗಬಹುದು. ಮರಿಗಳನ್ನು ಕೂಡಲೇ ಬೇರೆ ಮಾಡಿ ತಾಯಿಯನ್ನು ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ಎದೆಬಡಿತ ಕೇಳಿಸಿಕೊಳ್ಳುತ್ತ ನರಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಕೊಡುತ್ತಾರೆ. ಹೊತ್ತಿಗೆ ಸರಿಯಾಗಿ ಸಿಕ್ಕಿದರೆ ಅದೇ ನಾಯಿ ಅರ್ಧ ಗಂಟೆಯಲ್ಲಿ ಎದ್ದು ನಿಲ್ಲುವುದೂ ಉಂಟು.

ಮರಿಗಳ ಕಣ್ಣು ಬಿಡುವುದು 10ರಿಂದ 14 ದಿನಕ್ಕೆ. ಬಲವಂತವಾಗಿ ಬಿಡಿಸಬೇಡಿ. ಎರಡನೇ ವಾರಕ್ಕೆ ಜಂತುಹುಳುವಿನ ಮೊದಲ ಔಷಧಿ, ನಾಲ್ಕನೇ ವಾರದ ಹೊತ್ತಿಗೆ ಮೆತ್ತನೆ ಊಟ, ಆರರಿಂದ ಎಂಟನೇ ವಾರದಲ್ಲಿ ಮೊದಲ ಲಸಿಕೆ. ನೆಂಟರು ಎಷ್ಟೇ ಅವಸರ ಮಾಡಲಿ, ಎಂಟು ವಾರ ತುಂಬುವ ಮೊದಲು ಮರಿ ಕೊಡಬೇಡಿ. 2017ರ ಕೇಂದ್ರ ಸರಕಾರದ ನಿಯಮದ ಪ್ರಕಾರ ಅದಕ್ಕಿಂತ ಚಿಕ್ಕ ಮರಿಯನ್ನು ಮಾರುವಂತೆಯೂ ಇಲ್ಲ. ಮರಿಗಳು ಹಾಲು ಬಿಟ್ಟು ತಾಯಿಯ ಮೊಲೆ ಒಣಗಿದ ಮೇಲೆ, ಇನ್ನೊಂದು ಬೆದೆ ಬರುವ ಮುನ್ನ, ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ಡಾಕ್ಟರನ್ನು ಕೇಳಿ ದಿನ ಗೊತ್ತುಮಾಡಿಕೊಳ್ಳಿ.